ಉಪ್ಪು ತುಸು ಮುಂದೆ

ನಾಲ್ಕೂವರೆಗೆ ಲಾರೆನ್ಸ್ ಬರುತ್ತಾನೆ,
ಸ್ಕೂಟಿಯ ಹಿಂದಿನ ಸೀಟಿಗೆ ಹಳೇ ಟ್ಯೂಬು ಬಿಗಿದು
ಮೂರು ಡಬ್ಬಿ ಒಯ್ಯುತ್ತಾನೆ ಚಂದ್ರಿಕಾ ಬಾರಿಗೆ.
ಒಂದರಲ್ಲಿ ನಿಪ್ಪಟ್ಟು, ಒಂದರಲ್ಲಿ ಕೋಡುಬಳೆ,
ಇನ್ನೊಂದರಲ್ಲಿ ಆ ದಿನ ಕೈಗೆ ಏನು ಹತ್ತಿತೋ ಅದು.
ದುರ್ಗಿಗುಡಿಯಲ್ಲಿ ಯಾರಾದರೂ ಕೇಳಿದರೆ
'ಹೋಟೆಲಿಗೆ ಕೊಡ್ತೀನಿ' ಅನ್ನುತ್ತೇನೆ.
ಸುಳ್ಳೇನಲ್ಲ.
ಅಲ್ಲೂ ಕುರ್ಚಿ ಇದೆ, ಮೇಜಿದೆ, ಬಿಲ್ಲಿದೆ.

ಹನ್ನೊಂದು ವರ್ಷ. ಒಳಗೆ ಕಾಲಿಟ್ಟವಳಲ್ಲ.
ಆದರೂ ವಾಪಸ್ಸು ಬಂದ ಡಬ್ಬಿಯ ತಳ ನೋಡಿದರೆ ಸಾಕು,
ನಿನ್ನೆ ಯಾರು ಕೂತಿದ್ದರು, ಏನು ಕುಡಿದರು, ಹೇಳಬಲ್ಲೆ.
ಸ್ಟ್ರಾಂಗಿನವರಿಗೆ ಖಾರ ಬೇಕು,
ಬಣ್ಣದ ಬ್ಯಾಡಗಿಯಲ್ಲ,
ಕಿವಿಯಲ್ಲಿ ಹೊಗೆ ಎಬ್ಬಿಸುವ ಸೂಜಿಮೆಣಸು.
ಮೈಲ್ಡಿನ ಹುಡುಗರು ಮೊಬೈಲು ನೋಡುತ್ತ
ಕರಿದದ್ದನ್ನು ಮುಟ್ಟದೆ ಹುರಿಗಡಲೆ ಮುಗಿಸುತ್ತಾರೆ.
ನಿಪ್ಪಟ್ಟಿನಿಂದ ಕಡಲೆಬೀಜ ಮಾತ್ರ ಕಿತ್ತು ತಿಂದಿದ್ದರೆ
ಆ ಮೇಜಲ್ಲಿ ದುಡ್ಡಿನ ಜಗಳ ನಡೆದಿದೆ.
ಅವರೆ ಕಾಲದಲ್ಲಿ ಹಿತಕವರೆ ಹುರಿದು ಕಳಿಸಿದರೆ
ಎಲ್ಲರೂ ಒಂದೇ ಜಾತಿ;
ಡಬ್ಬಿ ತೊಳೆದ ಹಾಗೆ ಬರುತ್ತದೆ.

ಏಳನೇ ಟೇಬಲ್ಲಿನವರು ಪೀಟಿ ಮೇಷ್ಟ್ರು.
ನಾನು ಕಂಡಿಲ್ಲ, ಲಾರೆನ್ಸ್ ಹೇಳಿದ್ದು.
ಒಂದೇ ಬಾಟಲಿ, ಒಂದೇ ಕೋಡುಬಳೆ.
ಉಂಗುರದ ಹಾಗೆ ಬೆರಳಿಗೆ ತೊಟ್ಟು
ಸುತ್ತ ಕಚ್ಚುತ್ತ ಬರುತ್ತಾರಂತೆ,
ಬೆರಳು ಬರಿದಾದಾಗ ಬಾಟಲಿಯೂ ಬರಿದು.
ಒಂದು ದಿನ ಹೇಳಿ ಕಳಿಸಿದರು:
'ಎಲ್ಲಾ ಸರಿ ಇದೆ. ಉಪ್ಪು ತುಸು ಮುಂದೆ ಇರಲಿ.'

ಮುಂದೆ!
ನಮ್ಮತ್ತೆ ಉಪ್ಪು ಮುಂದಾದರೆ
ಮಾತಾಡದೆ ತಟ್ಟೆ ಸರಿಸುತ್ತಿದ್ದಳು.
ಆ ತಟ್ಟೆಯ ಸದ್ದಿನಲ್ಲಿ ಕಲಿತ ಅಳತೆ ಇದು.
'ಕುಡಿದ ನಾಲಿಗೆಗೇನು ಗೊತ್ತು, ಹೇಳು ಅವರಿಗೆ' ಅಂದೆ.
ಲಾರೆನ್ಸ್ ಹೇಳಿದನೋ ಇಲ್ಲವೋ,
ವಾರಕ್ಕೊಮ್ಮೆ ಅದೇ ಮಾತು, ಅದೇ ಉತ್ತರ,
ಒಂದು ವರ್ಷ.

ಆಮೇಲೆ ಓಟಿನ ಎಣಿಕೆ ಬಂತು, ಬಾರು ಬಂದ್.
ಹಿಂದಿನ ಸಂಜೆ ಖಾಲಿ ಡಬ್ಬಿಯೊಳಗೆ
ಟವೆಲು ಸುತ್ತಿದ ಒಂದು ಬಾಟಲಿ.
'ಫ್ರಿಜ್ಜಲ್ಲಿಡಿ ಅಕ್ಕ, ನಾಡಿದ್ದು ಒಯ್ತೀನಿ.'
ಮೊಸರಿನ ಪಾತ್ರೆಯ ಹಿಂದೆ ಇಟ್ಟೆ.
ಬಾಗಿಲು ತೆರೆದಾಗಲೆಲ್ಲ ಅದು
ನೆಂಟರ ಮನೆಗೆ ಬಂದ ಗಂಡಸಿನ ಹಾಗೆ
ಸಂಕೋಚದಿಂದ ನಿಂತಿರುತ್ತಿತ್ತು.

ಎಣಿಕೆಯ ರಾತ್ರಿ ಕರೆಂಟು ಹೋಯಿತು.
ಯಾರೋ ಗೆದ್ದ ಪಟಾಕಿ ಬಸ್‌ಸ್ಟ್ಯಾಂಡಿನ ಕಡೆ.
ಚಕ್ಕುಲಿ ಒರಳಿನ ಹಿಡಿಯಿಂದ ಮೀಟಿ ತೆಗೆದೆ.
ಮೊದಲ ಗುಟುಕು ಹಾಗಲಕಾಯಿ ಬೇಯಿಸಿದ ನೀರು.
ಇದಕ್ಕೆ ಇವರು ದುಡ್ಡು ಕೊಡುತ್ತಾರೆಯೇ!
ನಿಪ್ಪಟ್ಟು ಕಚ್ಚಿದೆ: ಎಣ್ಣೆ ಎದ್ದು ಕಂಡಿತು.
ಹಲಸಿನ ಹಪ್ಪಳ ಪರವಾಗಿಲ್ಲ,
ಆದರೆ ಬಾಯಿ ತುಂಬ ಅದರದೇ ಮಾತು.
ಕೋಡುಬಳೆ, ನನ್ನ ಕೋಡುಬಳೆ,
ಹೊಟ್ಟಿನ ಹಾಗೆ ಸಪ್ಪಗಿತ್ತು.
ಕತ್ತಲಲ್ಲಿ ಉಪ್ಪಿನ ಭರಣಿ ತಡಕಿ
ಒಂದು ಚಿಟಿಕೆ ಉದುರಿಸಿ ಮತ್ತೆ ಕಚ್ಚಿದೆ, ಕುಡಿದೆ.
ಉಪ್ಪು ಮುಂದೆ ಬಂತು. ಕಹಿ ಹಿಂದೆ ಸರಿಯಿತು.
ನಡುವೆ ಅಕ್ಕಿ ಹಿಟ್ಟು, ಇಂಗು, ತೆಂಗಿನ ತುರಿ
ಒಂದೊಂದಾಗಿ ತಮ್ಮ ಹೆಸರು ಹೇಳಿದವು.

ಮರುದಿನ ಹಿಟ್ಟಿನ ಒಂದು ಮುದ್ದೆ ಬೇರೆ ತೆಗೆದು,
ಉಪ್ಪು ಮುಂದೆ ಮಾಡಿ,
ನಾಲ್ಕೇ ನಾಲ್ಕು ಬಳೆ ಹೊಸೆದು ಕರಿದೆ.
ಪೇಪರಿನಲ್ಲಿ ಕಟ್ಟಿ 'ಏಳಕ್ಕೆ' ಎಂದು ಬರೆದೆ.

ಕಟ್ಟು ಕಟ್ಟಿದ ಹಾಗೇ ವಾಪಸ್ಸು ಬಂತು.
'ಮೇಷ್ಟ್ರಿಗೆ ಬೀಪಿ ಅಂತೆ ಅಕ್ಕ.
ಡಾಕ್ಟ್ರು ಉಪ್ಪು ಬಿಡಿಸಿದ್ದಾರೆ.'
'ಬಿಯರು?'
'ಅದನ್ನ ಕೇಳಲಿಲ್ಲವಂತೆ ಡಾಕ್ಟ್ರು.'
ಸ್ಕೂಟಿ ಶುರು ಮಾಡಿ ಮತ್ತೆ ಆಫ್ ಮಾಡಿದ.
'ಪೂರ್ತಿ ಸಪ್ಪೆ ಕೋಡುಬಳೆ ಆಗುತ್ತಾ ಕೇಳು ಅಂದಿದ್ದಾರೆ.'

ಉಪ್ಪಿನ ನಾಲ್ಕನ್ನೂ ನಿಂತಲ್ಲೇ ನಾನೇ ತಿಂದೆ,
ಮೇಲೆ ಎರಡು ಲೋಟ ನೀರು.
ಲಾರೆನ್ಸನ ಬಾಟಲಿಯ ಸಾಲ
ನಿಪ್ಪಟ್ಟಿನಲ್ಲಿ ತೀರುತ್ತಿದೆ, ದಿನಕ್ಕೆ ಐದರಂತೆ.